ಹದಿನಾರನೇ ಕಾಲಂನ ಹೊರಗೆ: ತೊನ್ನು, ಬಂಗು ಮತ್ತು ಬೇರು ಸತ್ತ ಬೋಳಿನ ಚರಿತ್ರೆ

1901ರ ಜನಗಣತಿಯ ನಮೂನೆಯಲ್ಲಿ 16 ಕಾಲಂಗಳಿದ್ದವು. ಹೆಸರು, ಧರ್ಮ, ವಯಸ್ಸು, ಜಾತಿ, ಕಸುಬು, ಭಾಷೆ, ಓದುಬರಹ ಎಲ್ಲವೂ ಮುಗಿದ ಮೇಲೆ ಕೊನೆಯದು ಅಂಗವೈಕಲ್ಯದ ಕಾಲಂ. ಹುಟ್ಟಿನಿಂದಲೇ ಕಿವುಡು-ಮೂಕರಾದವರು, ಎರಡೂ ಕಣ್ಣು ಕಾಣದವರು, ಬುದ್ಧಿಭ್ರಮಣೆಯಾದವರು ಮತ್ತು ಕುಷ್ಠರೋಗಿಗಳು, ಈ ನಾಲ್ಕು ಬಗೆಯವರನ್ನು ಅಲ್ಲಿ ಬರೆದುಕೊಳ್ಳಬೇಕಿತ್ತು. ಜೊತೆಗೆ ಗಣತಿದಾರರಿಗೆ ಒಂದು ಎಚ್ಚರಿಕೆಯೂ ಇತ್ತು. ಮೈಯನ್ನು ಕೊರೆದು ತಿನ್ನುವ ಕುಷ್ಠವಿದ್ದರೆ ಮಾತ್ರ ಬರೆಯಬೇಕು. ಬರೀ ಬಿಳಿ ಕುಷ್ಠ, ಅಂದರೆ ತೊನ್ನು, ಇದ್ದವರನ್ನು ಬರೆಯಬಾರದು. 1911ರ ಗಣತಿಯಲ್ಲೂ ಇದೇ ಸೂಚನೆ ಮುಂದುವರಿಯಿತು.

ಸರ್ಕಾರಿ ಸೂಚನೆಗಳನ್ನು ಓದುವಾಗ ಇತಿಹಾಸದ ವಿದ್ಯಾರ್ಥಿಗಳಾದ ನಾವು ಕೇಳಿಕೊಳ್ಳುವ ಪ್ರಶ್ನೆಯೊಂದಿದೆ: ಯಾರೂ ಮಾಡದ ತಪ್ಪನ್ನು ಯಾರಾದರೂ ನಿಷೇಧಿಸುತ್ತಾರೆಯೇ? ಮನೆಮನೆಗೆ ಹೋಗುತ್ತಿದ್ದ ಶಾನುಭೋಗರು ಮತ್ತು ಶಾಲಾ ಮೇಷ್ಟ್ರುಗಳು ತೊನ್ನಾದವರನ್ನೂ ಕುಷ್ಠದ ಲೆಕ್ಕಕ್ಕೆ ಸೇರಿಸುತ್ತಿದ್ದರು ಎಂಬುದಕ್ಕೆ ಈ ಎಚ್ಚರಿಕೆಯೇ ಸಾಕ್ಷಿ. 1890-91ರಲ್ಲಿ ಭಾರತ ಸುತ್ತಿದ ಕುಷ್ಠರೋಗ ಆಯೋಗ ಹಿಂದಿನ ಗಣತಿಗಳ ಅಂಕಿಗಳನ್ನು ಅನುಮಾನದಿಂದ ನೋಡಿದ್ದಕ್ಕೂ ಇಂಥ ಬೆರಕೆಯೇ ಒಂದು ಕಾರಣ.

ಇಂದು ದಾವಣಗೆರೆ ಜಿಲ್ಲೆಯಲ್ಲಿರುವ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳು ಆಗ ಮೈಸೂರು ಸಂಸ್ಥಾನದಲ್ಲಿದ್ದವು. ಚನ್ನಗಿರಿ, ಹೊನ್ನಾಳಿ ಶಿವಮೊಗ್ಗ ಜಿಲ್ಲೆಗೆ ಸೇರಿದ್ದರೆ ಜಗಳೂರು ಚಿತ್ರದುರ್ಗಕ್ಕೆ ಸೇರಿತ್ತು. ನ್ಯಾಮತಿ ಹೊನ್ನಾಳಿ ತಾಲ್ಲೂಕಿನದೇ ವ್ಯಾಪಾರದ ಊರು. ಅದು ಪ್ರತ್ಯೇಕ ತಾಲ್ಲೂಕಾದದ್ದು ತೀರ ಈಚೆಗೆ. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಅಡಿಕೆ ತೋಟದ ಚನ್ನಗಿರಿಯೂ ಮಳೆ ಕಾಣದ ಜಗಳೂರೂ ಒಂದೇ ಕಚೇರಿಯ ಅಡಿಗೆ ಬಂದವು. ಒಂದು ಕಡೆ ತೋಟದ ನೆರಳು, ಇನ್ನೊಂದು ಕಡೆ ಬಯಲಿನ ಬಿಸಿಲು. ಈ ಬಿಸಿಲಿನ ಮಾತನ್ನು ಮನಸ್ಸಿನಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಗಣತಿಯ ಪುಸ್ತಕಕ್ಕೆ ಕುಷ್ಠ ಒಳಗೆ ಬಂತು, ತೊನ್ನು ಹೊರಗೆ ಉಳಿಯಿತು. ಆದರೆ ಮೈಬಣ್ಣ ಕೆಡಿಸುವ ಕಾಯಿಲೆಗಳು ಈ ಎರಡೇ ಅಲ್ಲವಲ್ಲ. ಮುಖದಲ್ಲೋ ಕಿವಿಯಲ್ಲೋ ನಡುವೆ ಬಿಳುಪಾಗಿ ಸುತ್ತ ಕಪ್ಪು ಅಂಚು ಕಟ್ಟಿದ ಮಚ್ಚೆ, ಅದೇ ವ್ಯಕ್ತಿಯ ತಲೆಯಲ್ಲಿ ಕೂದಲು ಹೋಗಿ ನುಣ್ಣಗಾದ ಬಿಲ್ಲೆ, ಆ ಜಾಗದಲ್ಲಿ ಮತ್ತೆಂದೂ ಹುಟ್ಟದ ಕೂದಲು. ಇಂಥವರನ್ನು ಯಾವ ಕಾಲಂಗೂ ಸೇರಿಸಲಿಲ್ಲ. ಬಣ್ಣಗೇಡು ಮತ್ತು ಬೇರು ಸತ್ತ ಬೋಳು ಒಂದೇ ಮೈಯಲ್ಲಿ ಕೂಡಿ ಬಂದಾಗ ಅದಕ್ಕೊಂದು ಹೆಸರು ಸಿಗಲು ಎಷ್ಟು ಕಾಲ ಬೇಕಾಯಿತು, ಹೆಸರಿಲ್ಲದ್ದರಿಂದ ಆದ ನಷ್ಟವೇನು ಎಂಬುದೇ ಈ ಲೇಖನದ ವಿಷಯ.

ಕನ್ನಡದ ಪದಗಳು, ಶಾಸ್ತ್ರದ ಪದಗಳು

ನಮ್ಮ ಆಡುಮಾತಿಗೆ ಚರ್ಮದ ಪದಗಳ ಬಡತನವಿಲ್ಲ. ಕೆನ್ನೆಯ ಮೇಲಿನ ಕಂದು ಛಾಯೆ ಬಂಗು. ಬೆನ್ನು, ಕುತ್ತಿಗೆಯ ಮೇಲೆ ಹೊಟ್ಟಿನಂತೆ ಏಳುವುದು ಚಿಬ್ಬು. ದುಂಡಗೆ ಹರಡಿ ಕೆರೆಸುವುದು ಹುಳುಕಡ್ಡಿ ಅಥವಾ ಗಜಕರ್ಣ. ಹಾಲಿನಂತೆ ಬೆಳ್ಳಗಾಗುವುದು ತೊನ್ನು. ಇದನ್ನು 'ಬಿಳಿ ತೊನ್ನು' ಎನ್ನುವವರೂ ಇದ್ದಾರೆ. ಆ ಜೋಡಿಪದವನ್ನು ಗಮನಿಸಿದರೆ, ಬಿಳಿಯಲ್ಲದ ತೊನ್ನೂ ಒಂದು ಕಾಲಕ್ಕೆ ಜನರ ಮನಸ್ಸಿನಲ್ಲಿತ್ತೆಂದು ಊಹಿಸಬಹುದು. ಕುಷ್ಠ ಮತ್ತು ತೊನ್ನಿನ ನಡುವಿನ ಗಡಿ ಭಾಷೆಯಲ್ಲೇ ಮಸುಕಾಗಿತ್ತು. ಇನ್ನು ತಲೆಯ ಕೂದಲು ಬಿಲ್ಲೆಬಿಲ್ಲೆಯಾಗಿ ಹೋದರೆ 'ಹುಳ ತಿಂದಿದೆ' ಎನ್ನುವ ಒಂದೇ ಮಾತು. ಆರು ತಿಂಗಳಲ್ಲಿ ತಾನಾಗಿ ಮರಳುವ ಕೂದಲಿಗೂ ಇದೇ ಮಾತು, ಎಂದೂ ಮರಳದ ಕೂದಲಿಗೂ ಇದೇ ಮಾತು.

ಶಾಸ್ತ್ರಗ್ರಂಥಗಳು ಹೆಚ್ಚು ವಿಂಗಡಣೆ ಮಾಡಿದವು. ಅಥರ್ವವೇದದ ಮೊದಲ ಕಾಂಡದ 23 ಮತ್ತು 24ನೇ ಸೂಕ್ತಗಳು 'ಕಿಲಾಸ' ಎಂಬ ಬಿಳಿ ಮಚ್ಚೆಗೆ ಬಣ್ಣ ಮರಳಿಸುವಂತೆ ಮೂಲಿಕೆಯನ್ನು ಬೇಡಿದರೆ, ಆರನೇ ಕಾಂಡದ 136 ಮತ್ತು 137ನೇ ಸೂಕ್ತಗಳು ಕೂದಲು ಬೆಳೆಸುವ ಬೇರನ್ನು ಬೇಡುತ್ತವೆ. ಚರಕಸಂಹಿತೆ ಕುಷ್ಠವನ್ನು 18 ಬಗೆಯಾಗಿ ಎಣಿಸುತ್ತದೆ: 7 ಮಹಾಕುಷ್ಠ, 11 ಕ್ಷುದ್ರಕುಷ್ಠ. ತೊನ್ನಿಗೆ ಅಲ್ಲಿ 'ಶ್ವಿತ್ರ' ಎಂಬ ಬೇರೆ ಹೆಸರಿದೆ. ಆದರೂ ಅದರ ಚಿಕಿತ್ಸೆ ಬರುವುದು ಕುಷ್ಠಚಿಕಿತ್ಸೆಯ ಅಧ್ಯಾಯದ ಕೊನೆಯಲ್ಲೇ. ಹೆಸರು ಬೇರೆಯಾದರೂ ಮನೆ ಒಂದೇ ಆಯಿತು.

ಸುಶ್ರುತಸಂಹಿತೆಯ ನಿದಾನಸ್ಥಾನದ 13ನೇ ಅಧ್ಯಾಯ ನನಗೆ ಇನ್ನೂ ಕುತೂಹಲದ್ದೆನಿಸುತ್ತದೆ. ಅದು ಕ್ಷುದ್ರರೋಗಗಳ ಅಧ್ಯಾಯ, ಅಂದರೆ ಚಿಕ್ಕಪುಟ್ಟ ಕಾಯಿಲೆಗಳ ಪಟ್ಟಿ. ಮುಖದ ಮೇಲೆ ಕಪ್ಪು ಮಂಡಲ ಕಟ್ಟುವ 'ವ್ಯಂಗ'ವೂ ಕೂದಲು ಹೋಗುವ 'ಇಂದ್ರಲುಪ್ತ'ವೂ ಅಲ್ಲಿ ಒಟ್ಟಿಗಿವೆ. ಇಂದ್ರಲುಪ್ತದ ವಿವರಣೆಯಲ್ಲಿ ಎರಡು ಹಂತಗಳಿವೆ. ಮೊದಲು ರೋಮಕೂಪಕ್ಕೆ ಸೇರಿದ ಪಿತ್ತ ವಾತದೊಡನೆ ಕೂಡಿ ಕೂದಲನ್ನು ಉದುರಿಸುತ್ತದೆ. ಆಮೇಲೆ ಕಫವೂ ರಕ್ತವೂ ಆ ರಂಧ್ರವನ್ನು ಮುಚ್ಚಿಬಿಡುವುದರಿಂದ ಬೇರೆ ಕೂದಲು ಹುಟ್ಟಲಾರದು. ತ್ರಿದೋಷದ ಪರಿಭಾಷೆಯನ್ನು ಬದಿಗಿಟ್ಟು ನೋಡಿದರೂ ಇಲ್ಲಿ ಒಂದು ಕಣ್ಣಿನ ಸಾಕ್ಷ್ಯವಿದೆ: ಕೂದಲು ಉದುರುವುದು ಬೇರೆ, ಕೂದಲಿನ ಬಾಯಿಯೇ ಮುಚ್ಚಿಹೋಗುವುದು ಬೇರೆ. ಇಂದಿನ ವೈದ್ಯರು 'ಸ್ಕಾರಿಂಗ್ ಅಲೋಪೇಶಿಯಾ' ಎನ್ನುವ, ಕಲೆ ಉಳಿಸುವ ಬೋಳನ್ನು ಗುರುತಿಸಲು ಮೊದಲು ನೋಡುವುದೂ ಇದನ್ನೇ. ಚರ್ಮದ ಮೇಲೆ ರೋಮರಂಧ್ರಗಳು ಉಳಿದಿವೆಯೇ ಇಲ್ಲವೇ ಎಂದು ಅವರು ಮಸೂರದಡಿ ಪರೀಕ್ಷಿಸುತ್ತಾರೆ. ಹಾಗೆಂದು ಸುಶ್ರುತನಿಗೆ ಲೂಪಸ್ ಗೊತ್ತಿತ್ತು ಎಂದು ಹೊರಟರೆ ಅದು ಇತಿಹಾಸವಾಗುವುದಿಲ್ಲ. ಅವನ ಕಾಲದವರು ಚೆನ್ನಾಗಿ ನೋಡಿದ್ದರು ಎನ್ನುವಷ್ಟಕ್ಕೆ ನಿಲ್ಲುವುದು ಒಳ್ಳೆಯದು.

ಬಿಸಿಲು ಎಂಬ ಔಷಧ

ತೊನ್ನು-ಕುಷ್ಠದ ಕಥೆಗಳಲ್ಲಿ ಸೂರ್ಯ ಪದೇಪದೇ ಬರುತ್ತಾನೆ. ಕೃಷ್ಣನ ಮಗ ಸಾಂಬ ಕುಷ್ಠಕ್ಕೆ ಗುರಿಯಾಗಿ ಸೂರ್ಯಾರಾಧನೆಯಿಂದ ಗುಣವಾದನೆಂಬುದು ಪುರಾಣ. 'ಸೂರ್ಯಶತಕ' ಬರೆದ ಮಯೂರ ಕವಿಗೂ ಕುಷ್ಠ ಹತ್ತಿ ಆ ಶತಕದಿಂದಲೇ ವಾಸಿಯಾಯಿತೆಂಬ ಐತಿಹ್ಯವಿದೆ. ಹಳ್ಳಿಮದ್ದಿನಲ್ಲಿ ಇದರ ಜೊತೆಗಾರ ಬಾವಂಚಿ. ಸಂಸ್ಕೃತದಲ್ಲಿ ಬಾಕುಚಿ ಎನ್ನುವ ಈ ಗಿಡದ ಬೀಜವನ್ನು ಅರೆದು ಬಿಳಿ ಮಚ್ಚೆಗೆ ಹಚ್ಚಿ ಬಿಸಿಲಿಗೆ ಕೂರುವುದು ಹಳೆಯ ಪದ್ಧತಿ.

ಇದನ್ನು ಆಧುನಿಕ ವೈದ್ಯವೂ ತಳ್ಳಿಹಾಕಲಿಲ್ಲ. 1948ರಲ್ಲಿ ಈಜಿಪ್ಟಿನ ವೈದ್ಯ ಎಲ್ ಮೊಫ್ಟಿ, ನೈಲ್ ದಂಡೆಯ ಗಿಡವೊಂದರಿಂದ ತೆಗೆದ ಸೊರಾಲೆನ್ ಎಂಬ ವಸ್ತುವನ್ನು ತೊನ್ನಿಗೆ ಬಳಸಿದ ಫಲಿತಾಂಶ ಪ್ರಕಟಿಸಿದರು. ನಮ್ಮ ಬಾವಂಚಿಯಲ್ಲಿರುವುದೂ ಅದೇ ಕುಲದ ವಸ್ತು. ಸೊರಾಲೆನ್ ಕೊಟ್ಟು ನೇರಳಾತೀತ ಕಿರಣ ಹಾಯಿಸುವ 'ಪುವಾ' ಚಿಕಿತ್ಸೆ 1970ರ ದಶಕದಲ್ಲಿ ಜಗತ್ತಿನ ಆಸ್ಪತ್ರೆಗಳಿಗೆ ಬಂತು. ಅಳತೆ ತಪ್ಪಿದರೆ ಬೊಬ್ಬೆ ಏಳುತ್ತದೆ, ಹಾಗಾಗಿ ಮನೆಯಲ್ಲಿ ಪ್ರಯೋಗಿಸುವಂಥದ್ದಲ್ಲ. ಆದರೂ ತತ್ವ ನಿಜ. ತೊನ್ನಿಗೆ ಬೆಳಕು ಔಷಧವಾಗಬಲ್ಲದು.

ಹೇಗೆ ಎಂಬುದನ್ನು ತಿಳಿಯಲು ಕೂದಲಿನ ಬೇರಿಗೆ ಹೋಗಬೇಕು. ಚರ್ಮಕ್ಕೆ ಬಣ್ಣ ಕೊಡುವ ಕೋಶಗಳು ತೊನ್ನಿನಲ್ಲಿ ಮೇಲ್ಪದರದಿಂದ ಅಳಿದುಹೋಗುತ್ತವೆ. ಆದರೆ ಅವುಗಳ ಬೀಜಕೋಶಗಳು ಕೂದಲಿನ ಬುಡದಲ್ಲಿ ಉಳಿದಿರುತ್ತವೆ. ಜಗಳೂರಿನ ಸೀಮೆಯಂಥ ಬಯಲಿನಲ್ಲಿ ಹಿಂದೆ ಬರಗಾಲಕ್ಕೆಂದು ಜೋಳ, ರಾಗಿಯನ್ನು ನೆಲದಡಿಯ ಹಗೇವಿನಲ್ಲಿ ತುಂಬಿಡುತ್ತಿದ್ದರಲ್ಲ, ಕೂದಲಿನ ಬುಡವೂ ಬಣ್ಣದ ಹಗೇವು ಇದ್ದ ಹಾಗೆ. ಚಿಕಿತ್ಸೆ ಫಲಿಸಿದಾಗ ಬಿಳಿ ಮಚ್ಚೆಯ ನಡುವೆ ಮೊದಲು ಕಾಣಿಸುವುದು ರೋಮರಂಧ್ರಗಳ ಸುತ್ತ ಎದ್ದ ಕಪ್ಪು ಚುಕ್ಕೆಗಳು. ಆ ಚುಕ್ಕೆಗಳು ಹಿಗ್ಗಿ ಒಂದಕ್ಕೊಂದು ಕೂಡುತ್ತವೆ. ಕೂದಲಿಲ್ಲದ ಬೆರಳ ತುದಿ, ತುಟಿಗಳಲ್ಲಿ ಬಣ್ಣ ಮರಳುವುದು ಕಷ್ಟವಾಗುವುದಕ್ಕೂ ಇದೇ ಕಾರಣ.

ಹಗೇವಿಗೇ ಬೆಂಕಿ ಬಿದ್ದರೆ? ಆಗ ಕೂದಲೂ ಹೋಯಿತು, ಬಣ್ಣವೂ ಹೋಯಿತು. ಬಣ್ಣಗೇಡೂ ಕಲೆ ಉಳಿಸುವ ಬೋಳೂ ಒಂದೇ ಮೈಯಲ್ಲಿ ಸೇರುವುದು ಹೀಗೆ. ಇದರ ಸ್ಪಷ್ಟ ಉದಾಹರಣೆ ಡಿಸ್ಕಾಯ್ಡ್ ಲೂಪಸ್ ಎಂಬ ಕಾಯಿಲೆ. ಮೈಯ ರಕ್ಷಣಾ ವ್ಯವಸ್ಥೆ ತನ್ನದೇ ಚರ್ಮದ ಮೇಲೆ ತಿರುಗಿಬಿದ್ದು ಕೂದಲಿನ ಬುಡವನ್ನು ನಾಶಮಾಡುತ್ತದೆ. ಮಚ್ಚೆಯ ನಡುಭಾಗ ಬೆಳ್ಳಗಾಗಿ ಕುಗ್ಗುತ್ತದೆ, ಅಂಚು ಕಪ್ಪಾಗುತ್ತದೆ. ದೂರದಿಂದ ನೋಡಿದವರಿಗೆ ಅದು ತೊನ್ನು. ಆದರೆ ಈ ಕಾಯಿಲೆ ಬಿಸಿಲಿಗೆ ಉಲ್ಬಣಿಸುತ್ತದೆ. ತೊನ್ನೆಂದು ತಿಳಿದು ಬಾವಂಚಿ ಹಚ್ಚಿ ಬಿಸಿಲಿಗೆ ಕೂತ ಲೂಪಸ್ ರೋಗಿ ತನ್ನ ಕೈಯಾರೆ ಉರಿಯುವ ಒಲೆಗೆ ಸೌದೆ ಹಾಕಿದಂತೆ. ಒಂದು ಬಿಳಿ ಮಚ್ಚೆಗೆ ಬೆಳಕು ಬೇಕು, ಇನ್ನೊಂದಕ್ಕೆ ನೆರಳು ಬೇಕು. ಕಣ್ಣಿಗೆ ಹೋಲುವ ಈ ಎರಡನ್ನು ಬೇರೆಬೇರೆ ಹೆಸರಿನಿಂದ ಕರೆಯದೆ ಹೋದರೆ ಔಷಧವೇ ವಿಷವಾಗುತ್ತದೆ.

ತೋಳ, ಹಿಮ ಮತ್ತು ಕೆಂಪು ಬಣ್ಣ

ಈ ಹೆಸರುಗಳು ಬೇರೆಯಾದದ್ದು ಯುರೋಪಿನ ಆಸ್ಪತ್ರೆಗಳಲ್ಲಿ. ಲೂಪಸ್ ಎಂದರೆ ಲ್ಯಾಟಿನ್ನಿನಲ್ಲಿ ತೋಳ. ಮುಖವನ್ನು ತೋಳ ಕಚ್ಚಿದಂತೆ ತಿನ್ನುವ ಹುಣ್ಣುಗಳಿಗೆಲ್ಲ ಮಧ್ಯಯುಗದಿಂದ ಆ ಹೆಸರಿತ್ತು. 1851ರ ಹೊತ್ತಿಗೆ ಪ್ಯಾರಿಸ್ಸಿನ ಕಾಜ಼ನಾವ್ ಅದರಲ್ಲೊಂದನ್ನು ಬೇರ್ಪಡಿಸಿ 'ಕೆಂಪು ಲೂಪಸ್' ಎಂದರು. 1872ರಲ್ಲಿ ವಿಯೆನ್ನಾದ ಕಪೋಸಿ, ಚರ್ಮದಲ್ಲಿ ಬಿಲ್ಲೆಯಾಗಿ ನಿಲ್ಲುವ ಬಗೆಗೂ ದೇಹದೊಳಗೆಲ್ಲ ಹರಡುವ ಬಗೆಗೂ ವ್ಯತ್ಯಾಸ ತೋರಿಸಿದರು. 1885ರಲ್ಲಿ ಲೂಯಿ ಬ್ರಾಕ್ ತಲೆಯ ಮೇಲೆ ಸದ್ದಿಲ್ಲದೆ ಹರಡಿ ಕಲೆ ಉಳಿಸುವ ಬೋಳಿಗೆ 'ಸೂಡೋಪೆಲಾಡ್' ಎಂಬ ಹೆಸರಿಟ್ಟರು. ಫ್ರೆಂಚಿನಲ್ಲಿ ಪೆಲಾಡ್ ಎಂದರೆ ನಮ್ಮ 'ಹುಳ ತಿಂದದ್ದು', ಮರಳಿ ಬರುವ ಬೋಳು. ಇದು ಅದರಂತೆ ಕಂಡರೂ ಅದಲ್ಲ ಎಂಬುದು ಆ ಹೆಸರಿನ ಅರ್ಥ. 'ಹುಳ ತಿಂದಿದೆ' ಎಂಬ ನಮ್ಮ ಒಂದೇ ಮಾತಿನಲ್ಲಿ ಬೆರೆತಿದ್ದ ಎರಡು ಸಂಗತಿಗಳು ಅಲ್ಲಿ ಬೇರೆಯಾದವು.

ಚಿಕಿತ್ಸೆಯ ದಾರಿಯೂ ತೆರೆಯಿತು. 1894ರಲ್ಲಿ ಲಂಡನ್ನಿನ ಪೇನ್ ಈ ಕಾಯಿಲೆಗೆ ಕ್ವಿನೈನ್ ಕೊಟ್ಟು ನೋಡಿದರು. 1951ರಲ್ಲಿ ಪೇಜ್ ಎಂಬ ವೈದ್ಯರು ಮಲೇರಿಯಾದ ಮತ್ತೊಂದು ಮಾತ್ರೆ ಮೆಪಾಕ್ರಿನ್‌ನಿಂದ ಗುಣ ಕಂಡರು. ಇಂದಿಗೂ ಲೂಪಸ್ಸಿಗೆ ಕೊಡುವ ಮುಖ್ಯ ಮಾತ್ರೆ ಹೈಡ್ರಾಕ್ಸಿಕ್ಲೋರೋಕ್ವಿನ್ ಆ ವಂಶದ್ದೇ.

ಆದರೆ ಹೆಸರಿಟ್ಟವರು ನೋಡಿದ್ದು ಬಿಳಿಯರ ಮೈಯನ್ನು. 'ಕೆಂಪು' ಲೂಪಸ್ ಎಂಬ ಹೆಸರಿನಲ್ಲಿರುವ ಕೆಂಪು ನಮ್ಮ ಎಣ್ಣೆಗಪ್ಪು ಮೈಯಲ್ಲಿ ಸುಲಭಕ್ಕೆ ಕಾಣದು. ಇಲ್ಲಿ ಅದು ನೇರಳೆಯಾಗಿ, ಬೂದಿಯಾಗಿ, ಕೊನೆಗೆ ಬಿಳಿ-ಕಪ್ಪಾಗಿ ಕಾಣುತ್ತದೆ. ಬ್ರಾಕ್ ವರ್ಣಿಸಿದ ಬೋಳಿಗೆ ಪಠ್ಯಪುಸ್ತಕಗಳು ಕೊಡುವ ಉಪಮೆ 'ಹಿಮದ ಮೇಲಿನ ಹೆಜ್ಜೆಗುರುತು'. ಹಿಮ ಕಾಣದ ಜಗಳೂರಿನ ವೈದ್ಯವಿದ್ಯಾರ್ಥಿ ಮೊದಲು ಹಿಮವನ್ನು ಕಲ್ಪಿಸಿಕೊಂಡು, ಆಮೇಲೆ ರೋಗವನ್ನು ಕಲ್ಪಿಸಿಕೊಳ್ಳಬೇಕು!

ಕಂದು ಮೈಯನ್ನೇ ಕಣ್ಣೆದುರಿಟ್ಟುಕೊಂಡು ಹೆಸರಿಡುವ ಕೆಲಸ ನಡೆಯಲು ಕಾಯಬೇಕಾಯಿತು. 1974ರಲ್ಲಿ ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಎಲ್. ಕೆ. ಭೂತಾನಿ ಮತ್ತು ಸಂಗಡಿಗರು ಮುಖ, ಕುತ್ತಿಗೆಗಳಲ್ಲಿ ಬೂದುಗಪ್ಪು ಹರಡುವ ಕಾಯಿಲೆಯನ್ನು 'ಲೈಕೆನ್ ಪ್ಲೇನಸ್ ಪಿಗ್ಮೆಂಟೋಸಸ್' ಎಂದು ಹೆಸರಿಸಿ ವಿವರಿಸಿದರು. ಅಲ್ಲಿಯವರೆಗೆ ಅಂಥ ಕಪ್ಪನ್ನು ಬಂಗು ಎಂದೋ ಬಿಸಿಲಿನ ಕಪ್ಪು ಎಂದೋ ಕರೆದು ಸುಮ್ಮನಾಗುವುದು ಸುಲಭವಿತ್ತು. 1994ರಲ್ಲಿ ಸಿಡ್ನಿಯ ಸ್ಟೀವನ್ ಕೊಸಾರ್ಡ್, ಮುಟ್ಟು ನಿಂತ ಆರು ಮಹಿಳೆಯರಲ್ಲಿ ಹಣೆಯ ಅಂಚಿನ ಕೂದಲು ಕಲೆ ಉಳಿಸಿ ಹಿಂದೆ ಸರಿಯುವುದನ್ನು ವರ್ಣಿಸಿದರು. ಒಂದು ಬಣ್ಣದ ಕಾಯಿಲೆ, ಇನ್ನೊಂದು ಕೂದಲಿನ ಕಾಯಿಲೆ. ಎರಡೂ ಬೇರೆಬೇರೆ ಪುಟಗಳಲ್ಲಿದ್ದವು. 2013ರಲ್ಲಿ ದಕ್ಷಿಣ ಆಫ್ರಿಕಾದ ಡರ್ಬನ್ನಿನ ವೈದ್ಯೆ ಎನ್ಕೋಜ಼ಾ ಡ್ಲೋವಾ ಎರಡನ್ನೂ ಕೂಡಿಸಿ ಕೇಳಿದರು: ಇವೆರಡಕ್ಕೂ ಸಂಬಂಧವಿದೆಯೇ? ತಮ್ಮ ಕಪ್ಪು ಮೈಯ ರೋಗಿಗಳಲ್ಲಿ ಮುಖದ ಕಪ್ಪು ಮತ್ತು ಹಣೆಯಂಚಿನ ಬೋಳು ಒಟ್ಟಿಗಿರುವುದನ್ನು, ಅದರಲ್ಲೂ ಕಪ್ಪು ಮೊದಲು ಬಂದು ಕೂದಲು ಆಮೇಲೆ ಹೋಗುವುದನ್ನು ಅವರು ಕಂಡಿದ್ದರು. ಅಂದರೆ ನಾವು ಬಂಗು ಎಂದು ಸುಮ್ಮನಾಗುವ ಬಣ್ಣ ಕೆಲವರಲ್ಲಿ ಮುಂದಾಗುವ ಕೂದಲಿನ ನಷ್ಟಕ್ಕೆ ಮುನ್ಸೂಚನೆಯಾಗಿರಬಹುದು. ಸುಶ್ರುತನ ಒಂದೇ ಅಧ್ಯಾಯದಲ್ಲಿ ಅಕ್ಕಪಕ್ಕ ಕೂತಿದ್ದ ಮುಖದ ಕಪ್ಪೂ ಕೂದಲಿನ ನಷ್ಟವೂ ಬಹಳ ದೂರ ಸುತ್ತಿ ಮತ್ತೆ ಒಂದೇ ಪುಟಕ್ಕೆ ಬಂದವು.

ಕಾನೂನು, ಮದುವೆ, ಹಣೆಯ ಬೊಟ್ಟು

ಹೆಸರಿನ ಗೊಂದಲ ಆಸ್ಪತ್ರೆಯೊಳಗೆ ಉಳಿಯಲಿಲ್ಲ. ಬ್ರಿಟಿಷ್ ಇಂಡಿಯಾದ 1898ರ ಕುಷ್ಠರೋಗಿಗಳ ಕಾಯಿದೆ, ಭಿಕ್ಷೆ ಬೇಡುವ ಬಡ ಕುಷ್ಠರೋಗಿಯನ್ನು ಹಿಡಿದು ಆಶ್ರಮಕ್ಕೆ ಕಳಿಸುವ ಅಧಿಕಾರ ಕೊಟ್ಟಿತು. ಹುಣ್ಣಾಗಿರುವವರು ಮಾತ್ರ ಕುಷ್ಠರೋಗಿ ಎಂದು ಆ ಕಾಯಿದೆ ಮೊದಲು ವ್ಯಾಖ್ಯಾನಿಸಿದ್ದರಿಂದ ತೊನ್ನಾದವರಿಗೆ ಕಾಗದದ ಮೇಲೆ ರಕ್ಷಣೆಯಿತ್ತು. ಊರಿನ ಬಾಯಿಗೆ ಅಂಥ ವ್ಯಾಖ್ಯಾನವಿರಲಿಲ್ಲ. 1955ರ ಹಿಂದೂ ವಿವಾಹ ಕಾಯಿದೆ ಕುಷ್ಠವನ್ನು ವಿಚ್ಛೇದನಕ್ಕೆ ಕಾರಣವಾಗಿ ಇಟ್ಟಿತು. 1898ರ ಕಾಯಿದೆ ರದ್ದಾದದ್ದು 2016ರಲ್ಲಿ. ವಿಚ್ಛೇದನದ ಆ ಕಾರಣವನ್ನು ತೆಗೆದದ್ದು 2019ರಲ್ಲಿ. ಕುಷ್ಠಕ್ಕೆ ಬಹುಔಷಧ ಚಿಕಿತ್ಸೆ 1980ರ ದಶಕದಿಂದಲೇ ಇತ್ತು ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಔಷಧ ಬಂದು 30 ವರ್ಷಕ್ಕೂ ಹೆಚ್ಚು ಕಾಲ ಕಾನೂನು ಹಳೆಯ ಭಯವನ್ನೇ ಹೊತ್ತುಕೊಂಡಿತ್ತು.

ತೊನ್ನು ಅಂಟುವುದಿಲ್ಲ, ಲೂಪಸ್ ಅಂಟುವುದಿಲ್ಲ, ಬಂಗೂ ಅಂಟುವುದಿಲ್ಲ. ಆದರೂ ಹೆಣ್ಣು ನೋಡಲು ಬಂದವರ ಎದುರು ಮೂರಕ್ಕೂ ಸೆರಗು ಮುಚ್ಚಲೇಬೇಕು. ನಾಗನನ್ನು ಕೊಂದ ದೋಷವೆಂದು ಮನೆಯವರು ಹರಕೆ ಹೊರುವುದು, ಸುದ್ದಿ ಹೊರಗೆ ಹೋಗದಿರಲೆಂದು ಊರ ಆಸ್ಪತ್ರೆಗೆ ಹೋಗದಿರುವುದು ನಮ್ಮ ಸೀಮೆಯವರಿಗೆ ಹೊಸ ವಿಷಯವೇನಲ್ಲ. ಲೂಪಸ್ ಹೆಚ್ಚಾಗಿ ಕಾಡುವುದು ಹೆಂಗಸರನ್ನು. ಅವರಿಗೆ ಈ ಮುಚ್ಚುಮರೆಯ ಪ್ರತಿ ತಿಂಗಳೂ ಕೂದಲಿನ ಬೇರಿನ ಲೆಕ್ಕದಲ್ಲಿ ನಷ್ಟ.

ಹಣೆಯ ಬೊಟ್ಟಿನದು ಚಿಕ್ಕದಾದರೂ ಇದೇ ಚರಿತ್ರೆಯ ಭಾಗ. ಕುಂಕುಮದ ಜಾಗಕ್ಕೆ ಅಂಟಿಸುವ ಸ್ಟಿಕ್ಕರ್ ಬಂದ ಮೇಲೆ ಎಷ್ಟೋ ಹೆಂಗಸರ ಹಣೆಯ ನಡುವೆ ಬೊಟ್ಟಿನಷ್ಟೇ ದುಂಡಗಿನ ಬಿಳಿ ಕಲೆ ಕಾಣಿಸಿತು. ಅಂಟಿನಲ್ಲಿದ್ದ ಪ್ಯಾರಾ-ಟರ್ಷಿಯರಿ ಬ್ಯೂಟೈಲ್ ಫೀನಾಲ್ ಎಂಬ ರಾಸಾಯನಿಕವೇ ಬಣ್ಣದ ಕೋಶಗಳನ್ನು ಕೊಲ್ಲುತ್ತಿದೆ ಎಂದು ಭಾರತದ ವೈದ್ಯರು 1990ರಲ್ಲಿ ಪ್ರಕಟಿಸಿದರು. ಅದಕ್ಕೂ ಊರಿನವರು ಇಡುವ ಹೆಸರು ತೊನ್ನೇ.

ಮೂರು ಪ್ರಶ್ನೆಗಳು

ಹೆಸರು ಹುಡುಕುವ ಕೆಲಸ ಇವತ್ತು ಮೊದಲಿನಷ್ಟು ಕಷ್ಟವಲ್ಲ. ದಾವಣಗೆರೆಯಲ್ಲಿ 1965ರಿಂದ ಜೆ.ಜೆ.ಎಂ. ವೈದ್ಯಕೀಯ ಕಾಲೇಜಿದೆ, ಸರ್ಕಾರಿ ಚಿಗಟೇರಿ ಆಸ್ಪತ್ರೆಯಿದೆ. ಜಗಳೂರಿನಿಂದಲೂ ಚನ್ನಗಿರಿಯಿಂದಲೂ ಹೊನ್ನಾಳಿ-ನ್ಯಾಮತಿಯಿಂದಲೂ ಬೆಳಿಗ್ಗೆ ಬಸ್ಸು ಹತ್ತಿದರೆ ಸಂಜೆಗೆ ಮನೆ ಸೇರಬಹುದು. ಚರ್ಮದ ವೈದ್ಯರು ಮಚ್ಚೆ ನೋಡಿ ಮನಸ್ಸಿನಲ್ಲಿ ಕೇಳಿಕೊಳ್ಳುವ ಪ್ರಶ್ನೆಗಳು ಹೆಚ್ಚಿಲ್ಲ. ಮಚ್ಚೆಯ ಮೇಲೆ ಮುಟ್ಟಿದ್ದು ತಿಳಿಯುತ್ತದೆಯೇ? ತಿಳಿಯದಿದ್ದರೆ ಕುಷ್ಠದ ಅನುಮಾನ. ಮಚ್ಚೆ ನುಣುಪಾಗಿದ್ದು, ಅದರ ಮೇಲಿನ ಕೂದಲು ಬೆಳ್ಳಗಾದರೂ ಉಳಿದಿದೆಯೇ? ಹಾಗಿದ್ದರೆ ತೊನ್ನು. ಅಂಟಿಕೊಂಡ ಹೊಟ್ಟು, ಕಪ್ಪು ಅಂಚು, ಕುಗ್ಗಿದ ನಡುಭಾಗ, ಮುಚ್ಚಿಹೋದ ರೋಮರಂಧ್ರ ಕಾಣುತ್ತದೆಯೇ? ಆಗ ಲೂಪಸ್ಸನ್ನು ನೆನೆಯಬೇಕು, ಸಂಶಯವಿದ್ದರೆ ಚರ್ಮದ ಚೂರನ್ನು ಪರೀಕ್ಷೆಗೆ ಕಳಿಸಬೇಕು. ಬೇಗ ಗೊತ್ತಾದರೆ ಮುಲಾಮು, ಮಾತ್ರೆ ಮತ್ತು ಬಿಸಿಲಿನಿಂದ ರಕ್ಷಣೆಯಿಂದ ಇನ್ನೂ ಸಾಯದ ಬೇರುಗಳನ್ನು ಉಳಿಸಬಹುದು. ಸತ್ತ ಬೇರನ್ನು ಎಬ್ಬಿಸುವ ಔಷಧ ಯಾವ ಪದ್ಧತಿಯಲ್ಲೂ ಇಲ್ಲ. ಬಿಸಿಲಿನಿಂದ ರಕ್ಷಣೆ ಎಂಬ ಸಲಹೆ ಕೇಳಲು ಸುಲಭ. ಶೇಂಗಾ ಕೀಳಲು ದಿನಗೂಲಿಗೆ ಹೋಗುವ ಹೆಣ್ಣುಮಗಳಿಗೆ ನೆರಳು ಎಂದರೆ ಆ ದಿನದ ಕೂಲಿ ಬಿಟ್ಟಂತೆ ಎಂಬುದನ್ನು ಸಲಹೆ ಕೊಡುವವರು ನೆನಪಿಡಬೇಕು. ಅವಳಿಗೆ ಉದ್ದ ತೋಳಿನ ಅಂಗಿ, ತಲೆ-ಕಿವಿ ಮುಚ್ಚುವ ವಸ್ತ್ರ, ನಡುಹಗಲು ಬಿಟ್ಟ ಕೆಲಸ, ಇಷ್ಟಾದರೂ ಆಗುವ ದಾರಿ ಹೇಳಬೇಕು.

1931ರ ನಂತರ ಜನಗಣತಿ ಈ ಅಂಗವೈಕಲ್ಯದ ಪ್ರಶ್ನೆಯನ್ನು ದಶಕಗಳ ಕಾಲ ಕೈಬಿಟ್ಟಿತು. ನಮ್ಮ ಪತ್ರಾಗಾರಗಳಲ್ಲಿ ಕುಷ್ಠದ ಅಂಕಿಗಳು ಸಿಗುತ್ತವೆ, ಬರಗಾಲದ, ಪ್ಲೇಗಿನ ಅಂಕಿಗಳು ಸಿಗುತ್ತವೆ. ಸೆರಗಿನಡಿ ತಲೆಯ ಬಿಲ್ಲೆಯನ್ನು ಮುಚ್ಚಿಕೊಂಡು, ತೊನ್ನೆಂಬ ತಪ್ಪು ಹೆಸರನ್ನು ಹೊತ್ತು, ಬಿಸಿಲಿಗೆ ಕೂತು ಇನ್ನಷ್ಟು ಕೆಟ್ಟವರ ಲೆಕ್ಕ ಮಾತ್ರ ಎಲ್ಲೂ ಇಲ್ಲ. ಇಂಥವರ ಚರಿತ್ರೆಯನ್ನು ಬರೆಯಲು ಹೊರಟವರು ದಾಖಲೆಯ ಅಂಕಿಯ ಜೊತೆಗೆ ದಾಖಲೆಯ ಬೇಡಗಳನ್ನೂ ಓದಬೇಕಾಗುತ್ತದೆ. 'ಬರೆಯಬೇಡಿ' ಎಂದು ಗಣತಿದಾರನಿಗೆ ಹೇಳಿದ ಆ ಒಂದು ಸಾಲಿನಲ್ಲಿ, ಬಾಗಿಲಲ್ಲಿ ನಿಂತು ಅವನ ಪ್ರಶ್ನೆಗೆ ಕಾಯುತ್ತಿದ್ದವರ ನೆರಳಾದರೂ ಉಳಿದಿದೆ.